ಅರವತ್ತಕ್ಕೆ ಅರಳು ಮರಳೇ? ಮರೆವಿನ ಕಾಯಿಲೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮರೆವಿನ ಕಾಯಿಲೆಯ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಪತ್ರಗಳಿಗೆ ಈ ಸಲ ಉತ್ತರಿಸಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇವೆ. ಮನೆಯ ವಿಷಯವಾದ್ದರಿಂದ ಹೆಸರು ಬಿಟ್ಟು ಊರನ್ನಷ್ಟೇ ಹಾಕಿದ್ದೇವೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಓಣಿಯಲ್ಲಿ ಉರ್ದು. ಎರಡು ಭಾಷೆ ಆಡುವವರಿಗೆ ಮರೆವಿನ ಕಾಯಿಲೆ ತಡವಾಗಿ ಬರುತ್ತದೆ ಎಂದು ಓದಿದೆ. ಇದನ್ನು ಹೇಳಿದವರು ಯಾರು? ಓದು ಬರಹ ಬಾರದ ನಮ್ಮವ್ವನಿಗೂ ಈ ಮಾತು ಹೊಂದುತ್ತದೆಯೇ? (ಸಿರುಗುಪ್ಪ)

ಉತ್ತರ: ಹೇಳಿದವರು ನರರೋಗ ತಜ್ಞೆ ಡಾ. ಸುವರ್ಣಾ ಅಲ್ಲಾಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ ವಿಭಾಗದ ಪ್ರಾಧ್ಯಾಪಕರು. ನೀವು ಓದಿರುವ ಅಧ್ಯಯನ ನಡೆದದ್ದು ಹೈದರಾಬಾದಿನ ನಿಜಾಮ್ಸ್ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ, ಪ್ರಕಟವಾದದ್ದು 2013ರಲ್ಲಿ. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಎಂದು ಖಚಿತವಾಗಿದ್ದ 648 ರೋಗಿಗಳ ದಾಖಲೆಗಳನ್ನು ಅವರ ತಂಡ ಪರಿಶೀಲಿಸಿತು. ಅವರಲ್ಲಿ 391 ಜನ ಎರಡು ಅಥವಾ ಹೆಚ್ಚು ಭಾಷೆ ಬಲ್ಲವರು. ಒಂದೇ ಭಾಷೆಯವರಲ್ಲಿ ಕಾಯಿಲೆ ತೋರಿದ ಸರಾಸರಿ ವಯಸ್ಸು 61.1, ಎರಡು ಭಾಷೆಯವರಲ್ಲಿ 65.6. ಅಂದರೆ ನಾಲ್ಕೂವರೆ ವರ್ಷದ ಅಂತರ.

ಇದಕ್ಕೂ ಮುಂಚೆ, 2007ರಲ್ಲಿ, ಕೆನಡಾದ ಟೊರಾಂಟೊದಲ್ಲಿ ಎಲೆನ್ ಬಿಯಾಲಿಸ್ಟಾಕ್ ಅವರ ತಂಡ 184 ರೋಗಿಗಳಲ್ಲಿ ಸುಮಾರು ನಾಲ್ಕು ವರ್ಷದ ಅಂತರ ಕಂಡಿತ್ತು. ಆದರೆ ಅಲ್ಲಿ ಎರಡು ಭಾಷೆಯವರಲ್ಲಿ ಬಹುಪಾಲು ಜನ ಹೊರದೇಶದಿಂದ ಬಂದು ನೆಲೆಸಿದವರು. ಊರು ಬಿಟ್ಟು ದೂರ ಹೋಗಿ ಬದುಕು ಕಟ್ಟಿಕೊಳ್ಳುವವರು ಮೊದಲೇ ಗಟ್ಟಿಗರಿರುತ್ತಾರೆ, ಹಾಗಾಗಿ ಲಾಭ ಭಾಷೆಯದೋ ಗಟ್ಟಿತನದ್ದೋ ಎಂಬ ಪ್ರಶ್ನೆ ಉಳಿದಿತ್ತು. ಹೈದರಾಬಾದಿನಲ್ಲಿ ಆ ತೊಡಕಿಲ್ಲ. ತೆಲುಗು, ದಖ್ಖನಿ (ಅಲ್ಲಿನ ಉರ್ದು) ಎರಡನ್ನೂ ಆಡುವವರು ಅಲ್ಲೇ ಹುಟ್ಟಿ ಬೆಳೆದವರು. ನಿಮ್ಮ ಸಿರುಗುಪ್ಪದ ಹಾಗೆಯೇ.

ಈಗ ನಿಮ್ಮ ತಾಯಿಯವರ ವಿಷಯ. ಆ ಅಧ್ಯಯನದಲ್ಲಿ ಶಾಲೆಯ ಮೆಟ್ಟಿಲು ಹತ್ತದವರನ್ನು ಬೇರೆಯಾಗಿ ಎಣಿಸಿದ್ದರು. ಅವರಲ್ಲಿ ಅಂತರ ಆರು ವರ್ಷ! ಓದಿದವರೇ ಎರಡು ಭಾಷೆ ಕಲಿಯುತ್ತಾರೆ, ಓದಿನ ಲಾಭವನ್ನೇ ಭಾಷೆಯ ಲಾಭ ಎನ್ನುತ್ತಿದ್ದೀರಿ ಎಂಬ ಆಕ್ಷೇಪಕ್ಕೆ ಇದಕ್ಕಿಂತ ನೇರ ಉತ್ತರ ಸಿಗುವುದು ಕಷ್ಟ. ಮೂರನೆಯ, ನಾಲ್ಕನೆಯ ಭಾಷೆಯಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ ಎನ್ನುವುದೂ ಅದೇ ವರದಿಯಲ್ಲಿದೆ.

ಇದು ಯಾಕೆ ಹೀಗೆ? ಎರಡು ಭಾಷೆ ಬಲ್ಲವರು ಒಂದನ್ನು ಆಡುವಾಗ ಇನ್ನೊಂದು ಮಿದುಳಿನಲ್ಲಿ ಸುಮ್ಮನೆ ಮಲಗಿರುವುದಿಲ್ಲ. ಬೀಜದಂಗಡಿಯವರ ಜೊತೆ ತೆಲುಗಿನಲ್ಲಿ ದರ ಮಾತಾಡುತ್ತಾ, ಪಕ್ಕದಲ್ಲಿರುವ ಮಗನಿಗೆ ಕನ್ನಡದಲ್ಲಿ ಚೀಲ ಹಿಡಿ ಎನ್ನಬೇಕಾದರೆ, ಒಂದನ್ನು ತಡೆದು ಇನ್ನೊಂದನ್ನು ಮುಂದೆ ಬಿಡಬೇಕು. ಗಮನವನ್ನು ಆಳುವ ಮಿದುಳಿನ ಮುಂಭಾಗಕ್ಕೆ ದಿನಕ್ಕೆ ನೂರಾರು ಸಲ ಈ ಕೆಲಸ. ಅದರಿಂದ ಒಂದು ಬಗೆಯ ಮೀಸಲು ಶಕ್ತಿ ಬೆಳೆಯುತ್ತದೆ ಎನ್ನುವುದು ಸಂಶೋಧಕರ ವಿವರಣೆ. ಅದೇ ತಂಡ 2016ರಲ್ಲಿ ಲಕ್ವ ಹೊಡೆದ 608 ಜನರನ್ನು ನೋಡಿದಾಗ, ಲಕ್ವದ ನಂತರವೂ ಬುದ್ಧಿಶಕ್ತಿ ಸರಿಯಾಗಿ ಉಳಿದವರು ಎರಡು ಭಾಷೆಯವರಲ್ಲಿ ಶೇ. 40.5, ಒಂದೇ ಭಾಷೆಯವರಲ್ಲಿ ಶೇ. 19.6.

ಇದರ ಮಿತಿಯನ್ನೂ ತಿಳಿದಿರಿ. ಇವು ಆಸ್ಪತ್ರೆಗೆ ಬಂದವರ ಲೆಕ್ಕ, ಮನೆಯಲ್ಲೇ ಉಳಿದವರು ಇದರಲ್ಲಿಲ್ಲ. ಆರೋಗ್ಯವಂತರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಬೇರೆ ದೇಶಗಳ ಕೆಲವು ಅಧ್ಯಯನಗಳಲ್ಲಿ ಈ ಲಾಭ ಕಂಡಿಲ್ಲ. ಇನ್ನೊಂದು ಮಾತು: ತಡವಾಗುವುದು ಬೇರೆ, ಬಾರದಿರುವುದು ಬೇರೆ. ಮಿದುಳಿನಲ್ಲಿ ಕಾಯಿಲೆ ಬೆಳೆಯುವುದು ನಿಲ್ಲುವುದಿಲ್ಲ, ಅದು ಹೊರಗೆ ಕಾಣುವುದು ಮುಂದೆ ಹೋಗುತ್ತದೆ, ಅಷ್ಟೆ. ಹಾಗಾಗಿ ಎರಡು ಭಾಷೆಯ ಹಿರಿಯರು ಮರೆಯತೊಡಗಿದರೆ ಅದನ್ನು ಹಗುರಾಗಿ ನೋಡಬೇಡಿ.

ಈ ಸಂಶೋಧನೆಯಿಂದ ಮನೆಯವರಿಗೆ ನೇರವಾಗಿ ಉಪಯೋಗಕ್ಕೆ ಬರುವ ಸಂಗತಿ ಒಂದಿದೆ. ತಪಾಸಣೆ ಹಿರಿಯರು ಈಗ ಹೆಚ್ಚು ಆಡುವ, ಚೆನ್ನಾಗಿ ಬಲ್ಲ ಭಾಷೆಯಲ್ಲಿ ನಡೆಯಬೇಕು. ತೆಲುಗು ಮನೆಮಾತಿನ ಅಜ್ಜಿಗೆ ಕನ್ನಡದಲ್ಲಿ ಐದು ಪದ ಹೇಳಿ ನೆನಪಿಡಿ ಎಂದರೆ, ಓದು ಬಾರದವರಿಗೆ ಕಾಗದದ ಮೇಲೆ ಚಿತ್ರ ಬರೆಯಿರಿ ಎಂದರೆ, ಇಲ್ಲದ ಕಾಯಿಲೆ ಇದೆ ಎಂದು ಬರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಈ ಕಾರಣಕ್ಕೇ ಕನ್ನಡ, ತೆಲುಗು, ಮಲಯಾಳಂ, ಹಿಂದಿ, ಬಂಗಾಳಿಗಳಲ್ಲಿ ಪರೀಕ್ಷೆಗಳನ್ನು ಸಿದ್ಧಪಡಿಸಿದೆ. ಅಕ್ಷರ ಬಾರದವರಿಗೆ ವಾರದ ದಿನಗಳನ್ನು ಹಿಂದಿನಿಂದ ಮುಂದಕ್ಕೆ ಹೇಳಿಸುವಂಥ ಬದಲಿಗಳಿವೆ. ಕೇಳಿ ಪಡೆಯಿರಿ. ಕಾಯಿಲೆ ಬಲಿತಂತೆ ಹಲವರಲ್ಲಿ ಕೊನೆಗೆ ಕಲಿತ ಭಾಷೆ ಮೊದಲು ಜಾರುತ್ತದೆ. ಆಗ ತವರಿನ ಮಾತು ಬಲ್ಲವರೊಬ್ಬರು ಹತ್ತಿರವಿದ್ದರೆ ಅರ್ಧ ಗಲಾಟೆ ತಪ್ಪುತ್ತದೆ.

ಪ್ರಶ್ನೆ: ಅಪ್ಪನಿಗೆ 68. ಎರಡು ತಿಂಗಳಿಂದ ಮರೆವು ಜಾಸ್ತಿ, ಮಂಕಾಗಿ ಕೂರುತ್ತಾರೆ. ಸಕ್ಕರೆ ಕಾಯಿಲೆಗೆ ಹತ್ತು ವರ್ಷದಿಂದ ಗುಳಿಗೆ ಇದೆ. ಎಲ್ಲರೂ ವಯಸ್ಸಾಯ್ತು, ಅರಳು ಮರಳು ಅಂತಾರೆ. ಯಾವ ಪರೀಕ್ಷೆ ಮಾಡಿಸಬೇಕು? (ಮಾನ್ವಿ)

ಉತ್ತರ: ಎರಡು ತಿಂಗಳು ಎನ್ನುವುದೇ ಇಲ್ಲಿ ಮುಖ್ಯ. ಡಿಮೆನ್ಷಿಯಾದಲ್ಲಿ ಹೆಚ್ಚಾಗಿ ಕಾಣುವ ಬಗೆಯಾದ ಆಲ್‌ಝೈಮರ್ ವರ್ಷಗಳ ಮೇಲೆ ನಿಧಾನವಾಗಿ ಬರುತ್ತದೆ. ವಾರಗಳಲ್ಲಿ, ಎರಡು ಮೂರು ತಿಂಗಳಲ್ಲಿ ಬಂದ ಮರೆವಿಗೆ ಬೇರೆ ಕಾರಣ ಇರುವ ಸಾಧ್ಯತೆ ಹೆಚ್ಚು, ಅವುಗಳಲ್ಲಿ ಹಲವು ವಾಸಿಯಾಗುವಂಥವು. ಅರಳು ಮರಳು ಎಂಬ ಮಾತು ನಮ್ಮ ಮನೆಗಳಲ್ಲಿ ಮಾಡಿರುವ ಹಾನಿ ದೊಡ್ಡದು. ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಡಿಮೆನ್ಷಿಯಾ ಇರುವವರು ಶೇ. 7.4 ಎಂದು ದೇಶಮಟ್ಟದ ಅಧ್ಯಯನದ ಅಂದಾಜು. ಉಳಿದ ತೊಂಬತ್ತೆರಡು ಜನರಿಗೆ ಅದಿಲ್ಲ. ಅಂದಮೇಲೆ ಇದು ವಯಸ್ಸಿನ ಸಹಜ ಗುಣ ಹೇಗಾಗುತ್ತದೆ?

ಮೊದಲು ಗುಳಿಗೆಗಳು. ಮನೆಯಲ್ಲಿರುವ ಅಷ್ಟೂ ಚೀಟಿ, ಸ್ಟ್ರಿಪ್, ಡಬ್ಬಿಗಳನ್ನು ಒಂದು ಚೀಲಕ್ಕೆ ಹಾಕಿ ವೈದ್ಯರ ಮುಂದೆ ಸುರಿಯಿರಿ. ನೆಗಡಿ ಗುಳಿಗೆಯಲ್ಲಿರುವ ಕ್ಲೋರ್‌ಫೆನಿರಮೈನ್, ಕೈ ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್, ನೋವಿಗೆ ಕೊಡುವ ಅಮಿಟ್ರಿಪ್ಟಿಲೀನ್, ನಿದ್ದೆಗೆ ಕೊಡುವ ಆಲ್‌ಪ್ರಜೊಲಾಮ್ ಇವೆಲ್ಲ ಹಿರಿಯರ ನೆನಪನ್ನು ಮಸುಕು ಮಾಡುತ್ತವೆ. ಆಲ್‌ಪ್ರಜೊಲಾಮ್ ಅನ್ನು ಮಾತ್ರ ಒಮ್ಮೆಲೇ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ವೈದ್ಯರು ವಾರಗಟ್ಟಲೆ ಮೆಲ್ಲಗೆ ಇಳಿಸಬೇಕು.

ಸಕ್ಕರೆ ಕಾಯಿಲೆ ಇರುವುದರಿಂದ ಎರಡು ವಿಷಯ. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಎರಡು ರೊಟ್ಟಿ ತಿನ್ನುವಲ್ಲಿ ಒಂದು ತಿಂದು ಗುಳಿಗೆ ಮಾತ್ರ ಪೂರ್ತಿ ನುಂಗಿದರೆ ಸಕ್ಕರೆ ಕುಸಿಯುತ್ತದೆ. ಮಂಕು, ಬೆವರು, ತೊದಲು ಅದರ ಗುರುತು. ಮಂಕಾದ ಹೊತ್ತಿನಲ್ಲೇ ಗ್ಲುಕೊಮೀಟರ್‌ನಲ್ಲಿ ನೋಡಿ, 70ಕ್ಕಿಂತ ಕೆಳಗಿದ್ದರೆ ಸಕ್ಕರೆ ನೀರು ಕುಡಿಸಿ, 15 ನಿಮಿಷದ ನಂತರ ಮತ್ತೆ ನೋಡಿ. ಎರಡನೆಯದು ಮೆಟ್‌ಫಾರ್ಮಿನ್. ವರ್ಷಗಟ್ಟಲೆ ತಿಂದವರಲ್ಲಿ ಬಿ12 ವಿಟಮಿನ್ ಇಳಿಯಬಹುದು. ಜೊತೆಗೆ ಗ್ಯಾಸಿನ ಗುಳಿಗೆ ಪ್ಯಾಂಟೊಪ್ರಜೋಲ್ ನಿತ್ಯ ನುಂಗುವವರಾಗಿದ್ದು ಮಾಂಸ, ಮೊಟ್ಟೆ ತಿನ್ನದವರಾದರೆ ಇನ್ನೂ ಹೆಚ್ಚು.

ರಕ್ತದಲ್ಲಿ ನೋಡಬೇಕಾದವು: ಹಿಮೋಗ್ಲೋಬಿನ್, ಬಿ12, ಥೈರಾಯ್ಡ್‌ನ ಟಿಎಸ್‌ಎಚ್, ಸೋಡಿಯಂ, ಕ್ರಿಯಾಟಿನಿನ್, ಲಿವರ್ ಪರೀಕ್ಷೆ. ಬಿ12ಕ್ಕೆ ರಕ್ತ ಕೊಡುವ ಮೊದಲು ಶಕ್ತಿ ಬರಲಿ ಎಂದು ಊರಿನಲ್ಲಿ ಇಂಜೆಕ್ಷನ್ ಹಾಕಿಸಬೇಡಿ. ಹಾಕಿಸಿದರೆ ಅಂಕಿ ಸರಿ ಬಂದು ಕೊರತೆ ಮುಚ್ಚಿಹೋಗುತ್ತದೆ. ಇದು ಮತ್ತೆ ಮತ್ತೆ ಆಗುವ ತಪ್ಪು. 200 ಪಿಕೋಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ ಎಂದೇ ಹಿಡಿಯುತ್ತಾರೆ. ಸೋಡಿಯಂ ಯಾಕೆಂದರೆ, ರಾಯಚೂರಿನ ಬೇಸಿಗೆಯಲ್ಲಿ ಬೆವರು ಹರಿದು, ಬಿಪಿಗೆ ಮೂತ್ರ ಹೋಗಿಸುವ ಕ್ಲೋರ್‌ಥಾಲಿಡೋನ್‌ನಂಥ ಗುಳಿಗೆಯೂ ಇದ್ದರೆ ಅದು ಕುಸಿದು ಮನುಷ್ಯ ಮಂಕಾಗುತ್ತಾನೆ.

ತಲೆಯ ಸಿಟಿ ಸ್ಕ್ಯಾನ್ ಮಾಡಿಸಿ. ಎರಡು ಮೂರು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿದ್ದರೇ, ಬೈಕಿನಿಂದ ಬಿದ್ದಿದ್ದರೇ ಎಂದು ನೆನಪಿಸಿಕೊಳ್ಳಿ. ಸಣ್ಣ ಪೆಟ್ಟಿಗೂ ಹಿರಿಯರಲ್ಲಿ ಮಿದುಳಿನ ಹೊದಿಕೆಯ ಕೆಳಗೆ ರಕ್ತ ಮೆಲ್ಲಗೆ ಒಸರಿ ವಾರಗಳ ನಂತರ ಮರೆವಾಗಿ ಕಾಣುತ್ತದೆ. ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಔಷಧ ಇರುವವರಲ್ಲಿ ಇನ್ನೂ ಹೆಚ್ಚು. ಆಪರೇಷನ್ ಮಾಡಿ ಆ ರಕ್ತ ತೆಗೆದರೆ ಬಹಳ ಜನ ಮೊದಲಿನಂತಾಗುತ್ತಾರೆ. ಮನಸ್ಸು ಕುಗ್ಗಿದ ಖಿನ್ನತೆಯೂ ಹೀಗೇ ಮಂಕಾಗಿ ಕಾಣುತ್ತದೆ, ಅದನ್ನೂ ಕೇಳಿ ನೋಡಲಿ. ಕಿವಿ ಕೇಳದವರು ಕೇಳಿಸಿಕೊಳ್ಳದ್ದನ್ನೇ ಮನೆಯವರು ಮರೆತರು ಎಂದುಕೊಳ್ಳುವುದುಂಟು. ಕಿವಿ ಮಶೀನು ಹಾಕಿ ಒಂದು ತಿಂಗಳು ನೋಡಿ.

ಎಲ್ಲಿಗೆ ಹೋಗಬೇಕೆಂದು ಹಲವರು ಕೇಳಿದ್ದೀರಿ. ರಾಯಚೂರಿನ ರಿಮ್ಸ್, ಕೊಪ್ಪಳ ಮತ್ತು ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಇದರ ತಪಾಸಣೆ ಶುರು ಮಾಡಬಹುದು. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಮಂಗಳವಾರ ಬರುತ್ತಾರೆ. ಯಾವ ಮಂಗಳವಾರ ಎಂದು ಮೊದಲೇ ವಿಚಾರಿಸಿ ಹೋಗಿ. ಜಿಲ್ಲಾ ಮಟ್ಟದಲ್ಲಿ ಮನೋವೈದ್ಯ ಸೇವೆ ಕೊಡುವ ಮಾದರಿ ಬೆಳೆದದ್ದೇ ಈ ನೆಲದಲ್ಲಿ. ನಿಮ್ಹಾನ್ಸ್ 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಫೋನಿನಲ್ಲಿ ಕೇಳಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416, ಕನ್ನಡದಲ್ಲಿ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ.

ಪ್ರಶ್ನೆ: ಅತ್ತೆಗೆ ಮೊದಲಿಂದ ಸ್ವಲ್ಪ ಮರೆವು. ಮೊನ್ನೆಯಿಂದ ಒಮ್ಮೆಲೇ ಗುರುತು ಹತ್ತುತ್ತಿಲ್ಲ, ಗೋಡೆಯ ಮೇಲೆ ಜನ ಕಾಣ್ತಾರೆ ಅಂತಾರೆ. ಕಾಯಿಲೆ ಹೆಚ್ಚಾಯಿತೇ? (ಕುಷ್ಟಗಿ)

ಉತ್ತರ: ಇದು ಸನ್ನಿ. ಗಂಟೆಗಳಲ್ಲಿ, ಒಂದೆರಡು ದಿನದಲ್ಲಿ ಬರುವ ಬದಲಾವಣೆ ಮರೆವಿನ ಕಾಯಿಲೆಯ ನಡಿಗೆಯಲ್ಲ. ಮೂತ್ರದ ಸೋಂಕು, ನ್ಯುಮೋನಿಯಾ, ನೀರು ಕಡಿಮೆಯಾಗುವುದು, ಮೂತ್ರ ಕಟ್ಟುವುದು, ನಾಲ್ಕೈದು ದಿನದ ಮಲಬದ್ಧತೆ, ಹೊಸ ಗುಳಿಗೆ ಇವುಗಳಲ್ಲಿ ಸಾಮಾನ್ಯವಾಗಿ ಒಂದಿರುತ್ತದೆ. ಹಿರಿಯರಲ್ಲಿ ಸೋಂಕಿದ್ದರೂ ಜ್ವರ ಬರದೇ ಇರಬಹುದು. ಪತ್ರಕ್ಕೆ ಉತ್ತರ ಕಾಯುವ ವಿಷಯ ಇದಲ್ಲ. ಇಂಥದ್ದು ಕಂಡ ದಿನವೇ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ಅಮೆರಿಕದಲ್ಲಿ ಆಲ್‌ಝೈಮರ್‌ಗೆ ಹೊಸ ಇಂಜೆಕ್ಷನ್ ಬಂದಿದೆ ಎಂದು ಮಗ ಹೇಳುತ್ತಾನೆ. ಎರಡು ಎಕರೆ ಮಾರಿಯಾದರೂ ಕೊಡಿಸೋಣ ಅಂತಾನೆ. ನಮ್ಮ ಯಜಮಾನರಿಗೆ ಕಾಯಿಲೆ ಐದು ವರ್ಷದ್ದು, ಈಗ ನನ್ನನ್ನೇ ಗುರುತಿಸುವುದಿಲ್ಲ. (ಬಳ್ಳಾರಿ)

ಉತ್ತರ: ತಾಯಿ, ಹೊಲ ಮಾರಬೇಡಿ. ಆ ಇಂಜೆಕ್ಷನ್‌ಗಳು ಕಾಯಿಲೆಯ ಆರಂಭದ ಹಂತದವರಿಗೆ ಮಾತ್ರ. ನಿಮ್ಮ ಯಜಮಾನರ ಹಂತದಲ್ಲಿ ಅವನ್ನು ಕೊಡುವುದೇ ಇಲ್ಲ.

ಹಿನ್ನೆಲೆ ಇಷ್ಟು. ಜರ್ಮನಿಯ ವೈದ್ಯ ಅಲೋಯಿಸ್ ಆಲ್‌ಝೈಮರ್ ತಾವು ನೋಡಿದ ರೋಗಿ ಆಗುಸ್ಟೆ ಡೆಟರ್ 1906ರಲ್ಲಿ ತೀರಿಕೊಂಡ ಮೇಲೆ ಆಕೆಯ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ನರಕೋಶಗಳ ಹೊರಗೆ ಗಡ್ಡೆಗಳು, ಒಳಗೆ ಸಿಕ್ಕುಗಳು ಇರುವುದನ್ನು ತೋರಿಸಿದರು. ಗಡ್ಡೆ ಅಮಿಲಾಯ್ಡ್ ಎಂಬ ಪ್ರೋಟೀನಿನದು, ಸಿಕ್ಕು ಟೌ ಎಂಬುದರದು. ಅಮಿಲಾಯ್ಡ್ ಮೊದಲು ಸೇರುತ್ತದೆ, ಅದನ್ನು ತೊಳೆದರೆ ಕಾಯಿಲೆ ನಿಲ್ಲಬಹುದು ಎಂಬ ವಾದ 1992ರಿಂದ ಬಲವಾಯಿತು. ಅದನ್ನು ನಂಬಿ ಮಾಡಿದ ಹಲವು ಔಷಧ ಸೋತವು. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿ ಸಿಕ್ಕಿದ್ದು ಲೆಕಾನೆಮ್ಯಾಬ್‌ಗೆ, 2024ರಲ್ಲಿ ಡೊನಾನೆಮ್ಯಾಬ್‌ಗೆ.

ಲೆಕಾನೆಮ್ಯಾಬ್ ಪ್ರಯೋಗದಲ್ಲಿ 1795 ಜನರಿದ್ದರು, ಅವಧಿ 18 ತಿಂಗಳು. ಕುಸಿತ ಶೇ. 27ರಷ್ಟು ನಿಧಾನವಾಯಿತು ಎನ್ನುವ ಸುದ್ದಿಯ ಒಳಗಿನ ಲೆಕ್ಕ ಹೀಗಿದೆ: 18 ಅಂಕದ ಅಳತೆಯಲ್ಲಿ ಔಷಧ ಪಡೆದವರಿಗೂ ಪಡೆಯದವರಿಗೂ ಇದ್ದ ವ್ಯತ್ಯಾಸ 0.45 ಅಂಕ. ಕಾಯಿಲೆ ನಿಲ್ಲಲಿಲ್ಲ, ಕಳೆದುಕೊಂಡ ನೆನಪು ಮರಳಲಿಲ್ಲ. ಔಷಧ ಪಡೆದ ನೂರರಲ್ಲಿ ಹನ್ನೆರಡು ಹದಿಮೂರು ಜನರಿಗೆ ಮಿದುಳಿನಲ್ಲಿ ಬಾವು ಕಂಡಿತು. ಪ್ರಯೋಗದಲ್ಲಿ ಔಷಧ ಕೊಟ್ಟದ್ದು ಎರಡು ವಾರಕ್ಕೊಮ್ಮೆ ಡ್ರಿಪ್‌ನಲ್ಲಿ, ಬಾವಿನ ಭಯಕ್ಕೇ ನಡುನಡುವೆ ಎಂಆರ್‌ಐ. ವಿಜ್ಞಾನಕ್ಕೆ ಇದು ನಿಜವಾದ ಹೆಜ್ಜೆ ಎಂದೇ ನಾವು ನಂಬುತ್ತೇವೆ. ಆದರೆ ಎರಡು ಎಕರೆಯ ಬೆಲೆಯದ್ದಲ್ಲ.

ಇಲ್ಲಿ ಸಿಗುವ ಹಳೆಯ ಗುಳಿಗೆಗಳ ಲಾಭವೂ ಮಿತವಾದದ್ದೇ, ಆದರೆ ಸರಿಯಾಗಿ ಕೊಟ್ಟರೆ ಕೆಲವರಿಗೆ ತಿಂಗಳುಗಳ ಮಟ್ಟಿಗೆ ಅನುಕೂಲ. ಡೊನೆಪೆಜಿಲ್ ರಾತ್ರಿ 5 ಮಿ.ಗ್ರಾಂನಿಂದ ಶುರು, ನಾಲ್ಕರಿಂದ ಆರು ವಾರದ ಮೇಲೆ 10. ಶುರು ಮಾಡುವ ಮೊದಲು ಇಸಿಜಿ ಮಾಡಿಸಿ ನಾಡಿ ನೋಡಬೇಕು. ನಾಡಿ ಮೊದಲೇ ನಿಧಾನವಿದ್ದರೆ ತಲೆ ಸುತ್ತಿ ಬೀಳುತ್ತಾರೆ. ವಾಕರಿಕೆ, ಭೇದಿ, ತೂಕ ಇಳಿಯುವುದು ಇದರ ಅಡ್ಡ ಪರಿಣಾಮ. ಕೆಟ್ಟ ಕನಸು ಬಿದ್ದರೆ ವೈದ್ಯರಿಗೆ ಹೇಳಿ ಬೆಳಿಗ್ಗೆಗೆ ಬದಲಿಸಿಕೊಳ್ಳಿ. ರಿವಾಸ್ಟಿಗ್ಮಿನ್ ಪಟ್ಟಿ ಅಂಟಿಸುವವರು ಹಳೆಯದನ್ನು ಕಿತ್ತ ಮೇಲೇ ಹೊಸದನ್ನು, ಬೇರೆ ಜಾಗದಲ್ಲಿ, ಹಾಕಬೇಕು. ಬೆನ್ನಿನ ಮೇಲೆ ಎರಡು ಮೂರು ಪಟ್ಟಿ ಉಳಿದು ವಿಪರೀತ ವಾಂತಿಯಾಗಿ ಆಸ್ಪತ್ರೆ ಸೇರುವವರಿದ್ದಾರೆ. ಮುಂದುವರಿದ ಹಂತಕ್ಕೆ ಮೆಮ್ಯಾಂಟಿನ್, 5 ಮಿ.ಗ್ರಾಂನಿಂದ ವಾರಕ್ಕೆ ಐದರಂತೆ ಏರಿಸಿ 20ರವರೆಗೆ. ಕಿಡ್ನಿ ದುರ್ಬಲವಿದ್ದರೆ ಕಡಿಮೆ.

ಪ್ರಶ್ನೆ: ಮೂವತ್ತು ವರ್ಷ ಭತ್ತದ ಗದ್ದೆಗೆ ಔಷಧ ಹೊಡೆದಿದ್ದೇನೆ. ಬಲಗೈ ನಡುಗುತ್ತದೆ. ಎಣ್ಣೆ ಹೊಡೆದದ್ದರಿಂದಲೇ ಪಾರ್ಕಿನ್ಸನ್ ಬಂತೇ? (ಗಂಗಾವತಿ)

ಉತ್ತರ: ಒಬ್ಬರಲ್ಲಿ ಇದರಿಂದಲೇ ಬಂತೆಂದು ಹೇಳಲಾಗದು. ಆದರೆ ಸಂಬಂಧ ಇರುವುದು ನಿಜ, ಕಳೆನಾಶಕ ಪ್ಯಾರಾಕ್ವಾಟ್ ಬಳಸಿದವರಲ್ಲಿ ಪಾರ್ಕಿನ್ಸನ್ ಹೆಚ್ಚು ಕಂಡಿದೆ. ರಾಸಾಯನಿಕವೊಂದು ಇಂಥ ಕಾಯಿಲೆ ತರಬಲ್ಲದು ಎಂದು ಎಲ್ಲರ ಗಮನ ಸೆಳೆದದ್ದು 1983ರಲ್ಲಿ ವರದಿಯಾದ ಕ್ಯಾಲಿಫೋರ್ನಿಯಾದ ಪ್ರಕರಣ. ಕಳ್ಳತನದಲ್ಲಿ ತಯಾರಿಸಿದ ಮಾದಕ ದ್ರವ್ಯದಲ್ಲಿ ಎಂಪಿಟಿಪಿ ಎಂಬ ಕಲಬೆರಕೆ ಇತ್ತು, ಅದನ್ನು ಚುಚ್ಚಿಕೊಂಡ ಯುವಕರು ಮರಗಟ್ಟಿ ಕುಳಿತರು. ಆ ವಿಷವಸ್ತುವಿನ ರಚನೆ ಪ್ಯಾರಾಕ್ವಾಟ್‌ನದನ್ನು ಹೋಲುತ್ತದೆ.

ನಿಮ್ಮ ಕೈ ಸುಮ್ಮನಿದ್ದಾಗ ನಡುಗಿ, ಲೋಟ ಹಿಡಿದಾಗ ನಿಂತರೆ ಪಾರ್ಕಿನ್ಸನ್ ಅನುಮಾನ. ಹಿಡಿದಾಗಲೇ ನಡುಗಿದರೆ ಬೇರೆ ನಡುಕ ಇರಬಹುದು. ವಾಸನೆ ಗೊತ್ತಾಗದಿರುವುದು, ಹಳೆಯ ಮಲಬದ್ಧತೆ, ಕನಸಿನಲ್ಲಿ ಕೂಗಿ ಕೈಕಾಲು ಝಾಡಿಸುವುದು ನಡುಕಕ್ಕಿಂತ ವರ್ಷಗಳ ಮುಂಚೆಯೇ ಬರುತ್ತವೆ. ತಲೆ ಸುತ್ತಿಗೆ ಸಿನ್ನರಿಜಿನ್, ತಲೆನೋವಿಗೆ ಫ್ಲುನರಿಜಿನ್, ವಾಂತಿಗೆ ಪ್ರೊಕ್ಲೋರ್‌ಪೆರಜಿನ್ ತಿಂಗಳುಗಟ್ಟಲೆ ನುಂಗುತ್ತಿದ್ದೀರಾ ಎಂದು ನೋಡಿ. ಇವೇ ನಡುಕ, ಬಿಗಿತ ತರುತ್ತವೆ, ನಿಲ್ಲಿಸಿದ ಮೇಲೆ ತಿಂಗಳುಗಳಲ್ಲಿ ಇಳಿಯುತ್ತದೆ. ಇನ್ನು ಮುಂದೆ ಸಿಂಪಡಿಸುವ ಕೆಲಸ ನೀವು ಮಾಡಬೇಡಿ. ಮಾಡುವವರು ಉದ್ದ ತೋಳಿನ ಅಂಗಿ, ರಬ್ಬರ್ ಕೈಗವಸು ಹಾಕಿ, ಗಾಳಿಗೆ ಬೆನ್ನು ಕೊಟ್ಟು ಹೊಡೆಯಲಿ. ಪುಡಿಯನ್ನು ಬಕೆಟ್ಟಿನಲ್ಲಿ ಕೈಯಿಂದ ಕಲಸುವುದು ಅತಿ ಅಪಾಯ.

ಪ್ರಶ್ನೆ: ನಮ್ಮಜ್ಜಿ ಸ್ನಾನಕ್ಕೆ ಬರಲ್ಲ, ರೊಟ್ಟಿ ನುಂಗಲಾರರು, ಸಂಜೆಯಾದರೆ ಮನೆಗೆ ಹೋಗ್ತೀನಿ ಅಂತ ಹೊರಗೆ ಹೊರಡ್ತಾರೆ. ಅಜ್ಜ ಎಲ್ಲಿ ಅಂತ ದಿನಾ ಕೇಳ್ತಾರೆ, ಅಜ್ಜ ತೀರಿ ಒಂಬತ್ತು ವರ್ಷ. (ಲಿಂಗಸುಗೂರು)

ಉತ್ತರ: ಕೊನೆಯದರಿಂದ ಶುರು ಮಾಡೋಣ. ಸತ್ತು ಒಂಬತ್ತು ವರ್ಷವಾಯ್ತು ಎಂದು ಪ್ರತಿದಿನ ಹೇಳಿದರೆ ಅವರಿಗೆ ಪ್ರತಿದಿನವೂ ಅದು ಹೊಸ ಸಾವು. ಅಜ್ಜ ಏನು ಇಷ್ಟಪಡುತ್ತಿದ್ದರು, ಯಾವ ಎತ್ತು ಕಟ್ಟಿದ್ದರು ಎಂದು ಮಾತು ತಿರುಗಿಸಿ. ಅವರು ಕೇಳುತ್ತಿರುವುದು ಬಹುಪಾಲು ಭದ್ರತೆಯನ್ನು.

ಸ್ನಾನಕ್ಕೆ ಬೆಳಿಗ್ಗೆ ಹನ್ನೊಂದರ ಹೊತ್ತು ಒಳ್ಳೆಯದು. ತಲೆಯ ಮೇಲೆ ತಂಬಿಗೆ ನೀರು ಸುರಿದರೆ ಉಸಿರು ಕಟ್ಟಿದಂತಾಗಿ ಹೆದರುತ್ತಾರೆ. ಕುರ್ಚಿಯಲ್ಲಿ ಕೂರಿಸಿ ಪಾದದಿಂದ ಶುರು ಮಾಡಿ, ಮೈಗೆ ಟವೆಲ್ ಹೊದಿಸಿಯೇ ಇರಿ, ತಲೆ ಬೇರೆ ದಿನ ತೊಳೆಯಿರಿ. ವಾರಕ್ಕೆ ಎರಡು ಸ್ನಾನ ಸಾಕು, ಉಳಿದ ದಿನ ಒದ್ದೆ ಬಟ್ಟೆಯಲ್ಲಿ ಒರೆಸಿ.

ಊಟದಲ್ಲಿ ನೀರು ಕುಡಿದಾಗ ಕೆಮ್ಮು ಬರುತ್ತದೆಯೇ ನೋಡಿ. ನುಂಗುವ ಶಕ್ತಿ ಕುಂದಿದವರಿಗೆ ತೆಳು ನೀರೇ ಕಷ್ಟ, ಗಂಜಿ ಸುಲಭ. ಜೋಳದ ರೊಟ್ಟಿಯನ್ನು ಬೇಳೆ ಸಾರಿನಲ್ಲಿ ಚೆನ್ನಾಗಿ ನೆನೆಸಿ ಕಿವುಚಿ ಕೊಡಿ, ಅಥವಾ ಅಂಬಲಿ ಮಂದವಾಗಿ. ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗೆ, ಒಂದು ಚಮಚ ನುಂಗಿದ ಮೇಲೆ ಇನ್ನೊಂದು. ಊಟದ ನಂತರ ಅರ್ಧ ಗಂಟೆ ಮಲಗಿಸಬೇಡಿ. ಮಲಗಿದವರ ಬಾಯಿಗೆ ನೀರು ಹಾಕುವ ಅಭ್ಯಾಸವೇ ನ್ಯುಮೋನಿಯಾಕ್ಕೆ ದಾರಿ. ತಿಂಗಳಿಗೊಮ್ಮೆ ತೂಕ ಬರೆದಿಡಿ. ಬೇಸಿಗೆಯಲ್ಲಿ ಬಾಯಾರಿಕೆ ಅವರಿಗೆ ಗೊತ್ತಾಗುವುದಿಲ್ಲ. ಎರಡು ಗಂಟೆಗೊಮ್ಮೆ ಮಜ್ಜಿಗೆಯೋ ಅಂಬಲಿಯೋ ಕೈಗೇ ಕೊಡಿ.

ಸಂಜೆಯ ಅಲೆದಾಟಕ್ಕೆ ಕತ್ತಲಾಗುವ ಮುನ್ನವೇ ಎಲ್ಲ ದೀಪ ಹಾಕಿ, ನೆರಳು ಕಂಡು ಹೆದರುತ್ತಾರೆ. ಹಗಲು ನಿದ್ದೆ ಅರ್ಧ ಗಂಟೆ ದಾಟದಿರಲಿ, ನಾಲ್ಕರ ಮೇಲೆ ಚಹಾ ಬೇಡ. ಚಿಲಕವನ್ನು ಬಾಗಿಲಿನ ಮೇಲ್ತುದಿಗೆ ಹಾಕಿಸಿ, ಅವರ ಕಣ್ಣು ಅಲ್ಲಿಗೆ ಹೋಗುವುದು ಕಡಿಮೆ. ಆದರೆ ಮನೆಯಲ್ಲಿ ಒಬ್ಬರನ್ನೇ ಬಿಟ್ಟು ಬೀಗ ಹಾಕಬೇಡಿ. ಫೋನ್ ನಂಬರನ್ನು ಬಟ್ಟೆಯ ತುಂಡಿನ ಮೇಲೆ ಬರೆದು ಕುಪ್ಪಸದ ಒಳಗೆ ಹೊಲಿಯಿರಿ. ಕಾಣೆಯಾದರೆ ಮೊದಲು ಕಾಲುವೆ ದಂಡೆ, ಬಾವಿ, ಅವರು ಹಿಂದೆ ಇದ್ದ ಓಣಿಗಳನ್ನು ಹುಡುಕಿ, ಅದೇ ಹೊತ್ತಿಗೆ ಪೊಲೀಸರಿಗೂ ತಿಳಿಸಿ.

ಗಲಾಟೆ ತಡೆಯಲು ಹ್ಯಾಲೊಪೆರಿಡಾಲ್‌ನಂಥ ಔಷಧ ಬರೆಸಿಕೊಳ್ಳುವ ಮೊದಲು ನೋವು, ಹಲ್ಲು, ಮಲಬದ್ಧತೆ ಇದೆಯೇ ನೋಡಿಸಿ. ಡಿಮೆನ್ಷಿಯಾ ಇರುವವರಲ್ಲಿ ಈ ಔಷಧಗಳಿಂದ ಸಾವಿನ ಅಪಾಯ ಹೆಚ್ಚುತ್ತದೆ. ಲೂಯಿ ಬಾಡಿ ಎಂಬ ಬಗೆಯಲ್ಲಂತೂ ಮೈ ಬಿಗಿದು ಪ್ರಾಣಕ್ಕೇ ಬರುತ್ತದೆ. ಇಲ್ಲದ ಜನ ಕಾಣುವುದು, ಮೈ ಬಿಗಿತ, ದಿನಕ್ಕೊಂದು ಥರ ಇರುವುದು ಆ ಬಗೆಯ ಗುರುತು, ವೈದ್ಯರಿಗೆ ಮೊದಲೇ ಹೇಳಿ.

ಪ್ರಶ್ನೆ: ಬ್ರಾಹ್ಮಿ ಪುಡಿ, ನೆನಪಿನ ಟಾನಿಕ್ ಕೊಡಬಹುದೇ? (ಸಿಂಧನೂರು)

ಉತ್ತರ: ಡಿಮೆನ್ಷಿಯಾವನ್ನು ತಡೆಯುತ್ತವೆ, ವಾಸಿ ಮಾಡುತ್ತವೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಆ ಹಣವನ್ನು ಬಿಪಿ ಗುಳಿಗೆಗೆ, ಕನ್ನಡಕಕ್ಕೆ, ಕಿವಿ ಮಶೀನಿಗೆ ಹಾಕಿ. ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ 2024ರ ತಜ್ಞರ ಆಯೋಗ ಡಿಮೆನ್ಷಿಯಾದ ಅಪಾಯ ಹೆಚ್ಚಿಸುವ 14 ಕಾರಣಗಳನ್ನು ಪಟ್ಟಿ ಮಾಡಿದೆ: ಬಿಪಿ, ಸಕ್ಕರೆ, ಕೆಟ್ಟ ಕೊಲೆಸ್ಟರಾಲ್, ಬೊಜ್ಜು, ತಂಬಾಕು, ಕುಡಿತ, ಕಿವುಡು, ದೃಷ್ಟಿ ಮಂದ, ತಲೆಪೆಟ್ಟು, ಖಿನ್ನತೆ, ಒಂಟಿತನ, ಮೈ ಬಗ್ಗಿಸದಿರುವುದು, ಹೊಗೆ ಗಾಳಿ, ಕಡಿಮೆ ಓದು. ಇಷ್ಟನ್ನೂ ನಿಭಾಯಿಸಿದರೆ ನೂರರಲ್ಲಿ 45ರಷ್ಟು ಡಿಮೆನ್ಷಿಯಾವನ್ನು ತಪ್ಪಿಸುವುದೋ ಮುಂದೂಡುವುದೋ ಸಾಧ್ಯ ಎಂಬುದು ಆಯೋಗದ ಅಂದಾಜು.

ಪ್ರಶ್ನೆ: ತಂದೆಯ ಹೆಸರಲ್ಲಿ ಹೊಲ ಇದೆ, ಮರೆವು ಈಗಷ್ಟೇ ಶುರು. ಮುಖ್ತ್ಯಾರ್‌ನಾಮೆ ಬರೆಸಿಕೊಂಡರೆ ಸಾಕೇ? (ರಾಯಚೂರು)

ಉತ್ತರ: ಸಾಲದು. ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದ ಮೇಲೆ ಮುಖ್ತ್ಯಾರ್‌ನಾಮೆ 1872ರ ಕರಾರು ಕಾಯ್ದೆಯ ಪ್ರಕಾರ ಬಿದ್ದುಹೋಗುತ್ತದೆ. ಆಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡ ಕ್ರಯಪತ್ರವೂ ನಿಲ್ಲುವುದಿಲ್ಲ, ಅಣ್ಣತಮ್ಮಂದಿರ ನಡುವೆ ದಾವೆಗೆ ಅದೇ ಬೀಜವಾಗುತ್ತದೆ. ವಿಲ್ ಬರೆಸುವುದಿದ್ದರೆ ಈಗಲೇ, ತಂದೆಯವರೇ ತಮ್ಮ ಬಾಯಿಂದ ಹೇಳುವಾಗ ಬರೆಸಿ. ಇಬ್ಬರು ಸಾಕ್ಷಿಗಳು ವಿಲ್‌ನಿಂದ ಏನೂ ಪಡೆಯದವರಾಗಿರಲಿ. ಅದೇ ದಿನ ವೈದ್ಯರಿಂದ, ತಿಳಿದು ಬರೆಯುವ ಸ್ಥಿತಿಯಲ್ಲಿದ್ದಾರೆ ಎಂಬ ಪ್ರಮಾಣಪತ್ರ ಪಡೆದು ಜೊತೆಗಿಡಿ. ಬ್ಯಾಂಕ್ ಖಾತೆಗೆ ನಾಮಿನಿ ಹಾಕಿಸಿ. ಮಾಡುವುದೇನೆಂದು ತಂದೆಯವರಿಗೆ ಬಿಡಿಸಿ ಹೇಳಿ. ಹೊಲ ಅವರದು, ಈಗ ತೀರ್ಮಾನಿಸಬೇಕಾದವರೂ ಅವರೇ.